ಗೋದಲಿಯ ತವುಡು

ಆಗೆಲ್ಲ ಅಡುಗೆಮನೆಯಲ್ಲೇ ಔಷಧವಿತ್ತು, ಉಂಡದ್ದೆಲ್ಲ ಮೈಗೆ ಹತ್ತುತ್ತಿತ್ತು ಎಂದು ನನ್ನ ಓರಗೆಯವರೂ ಈಗ ಹೇಳತೊಡಗಿದ್ದಾರೆ. ನಾವಿನ್ನೂ ಮೂವತ್ತು ದಾಟಿಲ್ಲ. ಮಾಸಪತ್ರಿಕೆಯಲ್ಲಿ ಅಜ್ಜಿಯರ ಮನೆಮದ್ದಿಗೆಂದೇ ಒಂದು ಪುಟ ಬರುತ್ತದೆ. ಕೆಮ್ಮಿಗೆ ಏನು, ಅಜೀರ್ಣಕ್ಕೆ ಏನು, ಬಾಣಂತಿಗೆ ಏನು. ನಾನೂ ಓದುತ್ತೇನೆ. ಓದಿ ಮುಗಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮದ್ದು ಮನೆಯಲ್ಲಿತ್ತು ಎನ್ನುವುದು ಸುಳ್ಳಲ್ಲ. ಅದು ಯಾರ ಪಾಲಿಗಿತ್ತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಎಮ್ಮೆಯ ಪಾಲಿಗಿತ್ತು.

ನನಗೆ ನೆನಪಿರುವ ಮೊದಲ ವಾಸನೆ ಹಸಿ ತವುಡಿನದು. ಗಂಗಾವತಿಯಿಂದ ಒಂದು ಹರದಾರಿ ದೂರದ ನಮ್ಮೂರಿಗೆ ಹೊಳೆಯ ಹಳೆಯ ಕಾಲುವೆಯ ನೀರು ಬರುತ್ತಿತ್ತು. ಹೊಲವೆಂದರೆ ಗದ್ದೆ, ಊಟವೆಂದರೆ ಅನ್ನ. ಹಿಂದಿನ ಪಡಸಾಲೆಯಲ್ಲಿ ನೆಲಕ್ಕೆ ಹೂತ ಒಳಕಲ್ಲು. ಅದರ ಎರಡೂ ಬದಿಗೆ ನಿಂತು ಅವ್ವನೂ ದನದ ಕೆಲಸಕ್ಕೆ ಬರುತ್ತಿದ್ದ ದ್ಯಾಮವ್ವನೂ ಒನಕೆ ಹಾಕಿ ನೆಲ್ಲು ಕುಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಗಜಗ ಆಡುತ್ತ ಕೂತಿರುತ್ತಿದ್ದೆ. ಮೊರದಲ್ಲಿ ಕೇರಿದಾಗ ಮೊದಲು ಹೊಟ್ಟು ಹಾರಿಹೋಗುತ್ತಿತ್ತು. ಕೊನೆಗೆ ಕಂದುಬಣ್ಣದ, ಬೆರಳಿಗೆ ಜಿಡ್ಡು ಹತ್ತುವ ಮೆತ್ತನೆಯ ಪುಡಿ ಉಳಿಯುತ್ತಿತ್ತು. ಅದೇ ತವುಡು. ಅದಕ್ಕೊಂದು ಚೂರು ಬೆಲ್ಲ ಸೇರಿಸಿ ಹಿಸುಕಿ ಅವ್ವ ನನ್ನ ಬಾಯಿಗೊಂದು ತುತ್ತು ಇಡುತ್ತಿದ್ದಳು, ತಾನೊಂದು ತಿನ್ನುತ್ತಿದ್ದಳು, ದ್ಯಾಮವ್ವನ ಕೈಗೆ ಮೇಲಿನಿಂದ ಒಂದು ಹಾಕುತ್ತಿದ್ದಳು. ಅದು ತಿಂಡಿಯೆಂದು ಯಾರೂ ಕರೆಯುತ್ತಿರಲಿಲ್ಲ. ಕೆಲಸದ ನಡುವೆ ಬಾಯಿಗೆ ಬೀಳುವ ಒಂದು ತುತ್ತು, ಅಷ್ಟೆ.

ನನಗೆ ನಾಲ್ಕು ತುಂಬಿದ ವರ್ಷ ಗಂಗಾವತಿಯಲ್ಲಿ ಎಣ್ಣೆ ಎಂಜಿನ್ನಿನ ಅಕ್ಕಿ ಗಿರಣಿ ಬಂತು. ಒಳಕಲ್ಲಿನ ಮೇಲೆ ಹಲಗೆ ಮುಚ್ಚಿದರು. ಅಪ್ಪ ಚಕ್ಕಡಿಯಲ್ಲಿ ನೆಲ್ಲು ಒಯ್ದು ಅಕ್ಕಿ ತಂದ. ಅಂಥ ಬಿಳಿ ಅಕ್ಕಿಯನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಬೊಗಸೆಯಲ್ಲಿ ಎತ್ತಿ ಬಂದವರಿಗೆಲ್ಲ ತೋರಿಸಿದಳು. ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿ ಬಸಿದು ಬಡಿಸಿದರೆ ಅಗುಳಿಗೆ ಅಗುಳು ಅಂಟುತ್ತಿರಲಿಲ್ಲ. ತವುಡು ಬೇರೆ ಚೀಲದಲ್ಲಿ ಬಂತು. ಅದು ನೇರವಾಗಿ ದನದ ಮನೆಗೆ ಹೋಯಿತು. ಬಸಿದ ಗಂಜಿಯೂ ಅಲ್ಲಿಗೇ.

ಅವ್ವ, ನೀಲವ್ವ, ಯಲಬುರ್ಗಿ ಕಡೆಯ ತಳಕಲ್ಲಿನವಳು. ಅದು ಒಣಬೇಸಾಯದ ಸೀಮೆ. ಜೋಳ, ಸಜ್ಜೆ, ನವಣೆ ಬಿಟ್ಟರೆ ಬೇರೆ ಬೆಳೆಯಿಲ್ಲ. ನಾನು ಹುಟ್ಟಿದ್ದು ಅಲ್ಲಿ, ಅವ್ವನ ತವರಿನಲ್ಲಿ. ಆ ಬಾಣಂತನದಲ್ಲಿ ಅವ್ವ ತಿಂದದ್ದು ಸಜ್ಜೆ ರೊಟ್ಟಿ, ಅಗಸಿ ಬೀಜ ಕುಟ್ಟಿದ ಹಿಂಡಿ, ನವಣೆಯ ಅನ್ನ, ಬೇಳೆಕಟ್ಟು. ಮುಂದಿನ ಹೆರಿಗೆಗೆ ತವರಿಗೆ ಕಳಿಸಲು ಆಯಿ ಒಪ್ಪಲಿಲ್ಲ. ರೊಟ್ಟಿ ಹಿಂಡಿ ಬಿಟ್ಟರೆ ಆ ಊರಲ್ಲಿ ಏನಿದೆ, ನಮ್ಮ ಮನೆಯಲ್ಲಿ ಬೆಳ್ಳನ್ನ ತುಪ್ಪ ಇರುವಾಗ ಅಲ್ಲಿಗೇಕೆ ಎಂದಳು. ನನ್ನ ಮೊದಲ ತಮ್ಮ ಹಾಗಾಗಿ ನಮ್ಮಲ್ಲೇ ಹುಟ್ಟಿದ. ದಪ್ಪನೆಯ ಕೂಸು. ಮೂರನೆಯ ತಿಂಗಳು ಹೋಗಿಬಿಟ್ಟ. ದೃಷ್ಟಿ ತಗುಲಿತು ಎಂದರು. ನನಗೆ ಆಗ ಐದು ವರ್ಷ. ಅವನ ಬಗ್ಗೆ ನನಗಿರುವ ನೆನಪು ಒಂದೇ. ತೊಟ್ಟಿಲಲ್ಲಿ ಮುಖ ಕೆಂಪಗೆ ಮಾಡಿಕೊಂಡು, ಬಾಯಿ ಅಗಲಿಸಿ ಅಳುತ್ತಿದ್ದ. ದನಿ ಮಾತ್ರ ಇರಲಿಲ್ಲ.

ಎರಡನೆಯ ತಮ್ಮ ಹುಟ್ಟಿದಾಗ ನನಗೆ ಒಂಬತ್ತು. ಈ ಸಲ ಎಚ್ಚರ ತಪ್ಪಬಾರದೆಂದು ಆಯಿ ಪಥ್ಯವನ್ನು ಇನ್ನೂ ಬಿಗಿ ಮಾಡಿದಳು. ಬೇಳೆ ವಾಯು, ಕಾಯಿಪಲ್ಯ ಥಂಡಿ, ರೊಟ್ಟಿ ಜಡ. ಬೆಳಿಗ್ಗೆ ಒಂದು ಅಂಟಿನ ಉಂಡೆ, ಎರಡೂ ಹೊತ್ತು ಗಿರಣಿಯ ಬಿಳಿ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು. ಮೂರು ತಿಂಗಳು ಇದೇ. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಅಜವಾನದ ವಾಸನೆ, ಎಣ್ಣೆ ಕುಡಿದ ಬಟ್ಟೆಯ ವಾಸನೆ. ಕೂಸಿಗೆ ಬಜೆ ತೇದು ನೆಕ್ಕಿಸುತ್ತಿದ್ದಳು. ಆಯಿ ದುಷ್ಟಳೆಂದು ಹೇಳಿದರೆ ಬರೆಯುವುದು ಸುಲಭವಾಗುತ್ತಿತ್ತು. ಅವಳು ದುಷ್ಟಳಲ್ಲ. ಮನೆಯಲ್ಲಿದ್ದ ಅತ್ಯಂತ ಒಳ್ಳೆಯದನ್ನು, ತನ್ನ ತಟ್ಟೆಯಿಂದ ತೆಗೆದು, ಸೊಸೆಗೆ ಕೊಟ್ಟಳು. ಅತ್ಯಂತ ಒಳ್ಳೆಯದು ಯಾವುದೆಂದು ತನಗೆ ಗೊತ್ತು ಎಂಬ ಅವಳ ಖಾತ್ರಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡನೆಯ ತಿಂಗಳಲ್ಲಿ ಅವ್ವನ ಪಾದ ಜೋಮು ಹಿಡಿಯತೊಡಗಿತು. ಮೊಣಕಾಲ ಕೆಳಗೆ ಬಾತುಕೊಂಡಿತು. ಬೆರಳಿಟ್ಟು ಒತ್ತಿದರೆ ಕುಳಿ ಹಾಗೆಯೇ ಉಳಿಯುತ್ತಿತ್ತು. ನಾನು ಆಟಕ್ಕೆಂದು ಒತ್ತಿ ನೋಡುತ್ತಿದ್ದೆ. ಬಾಣಂತಿಗೆ ಕಾಲು ಬಾವು ಬರುವುದೇ ಎಂದು ಆಯಿ ಉಪ್ಪಿನ ಶಾಖ ಕೊಡಿಸಿದಳು. ಅದೇ ಹೊತ್ತಿಗೆ ಕೂಸಿನ ದನಿ ಒಡೆಯಿತು. ಗಂಟಲು ಕಟ್ಟಿದವರ ಹಾಗೆ ಗೊರಗೊರ ಅಳುತ್ತಿದ್ದ. ಕ್ರಮೇಣ ಅದೂ ಸಣ್ಣದಾಯಿತು. ಬಂದವರ ಮುಂದೆ ಆಯಿ ಅದನ್ನೂ ಹೊಗಳಿ ಹೇಳಿದಳು.

"ನಮ್ಮ ಕೂಸು ಭಾಳ ಶಾಣ್ಯಾ ಅದಾನ ನೋಡ್ರಿ. ಅತ್ತದ್ದು ಓಣಿಗೆ ಕೇಳಂಗಿಲ್ಲ."

ದ್ಯಾಮವ್ವನ ಕೂಸು ನಮ್ಮವನಿಗಿಂತ ಒಂದು ತಿಂಗಳು ದೊಡ್ಡದು. ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿ ಅರ್ಧ ಊರಿಗೆ ಕೇಳುವಂತೆ ಚೀರುತ್ತಿತ್ತು. ದ್ಯಾಮವ್ವ ಒಮ್ಮೆ ಸಗಣಿ ಬುಟ್ಟಿ ಇಳಿಸಿ, ಹಿತ್ತಲ ಬಾಗಿಲಲ್ಲಿ ನಿಂತು, ಆಯಿಗೆ ಹೇಳಿದ್ದು ನಾನು ಕೇಳಿದ್ದೇನೆ.

"ಯವ್ವಾ, ಸಿಟ್ಟಾಗಬ್ಯಾಡ್ರಿ. ನೀಲವ್ವಾರಿಗೆ ನಾಕು ದಿನ ಸಜ್ಜಿ ರೊಟ್ಟಿ ಕೊಟ್ಟು ನೋಡ್ರಿ. ಕೂಸಿನ ದನಿ ಯಾಕೋ ಛಲೋ ಇಲ್ಲ."

"ನಿನ್ನಂಗ ಕಟಕ್ ರೊಟ್ಟಿ ಕಡಿಯಾಕ ನಮ್ಮ ಮನಿಗೇನು ಬರ ಬಂದೈತೇನ?" ಎಂದಳು ಆಯಿ. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದಳು.

ಒಂದು ಮಧ್ಯಾಹ್ನ ಆಯಿ ಪಕ್ಕದ ಮನೆಗೆ ಶ್ಯಾವಿಗೆ ಹೊಸೆಯಲು ಹೋಗಿದ್ದಳು. ಕೋಣೆಯಲ್ಲಿ ಅವ್ವ ಕಾಣಲಿಲ್ಲ. ಹುಡುಕುತ್ತ ದನದ ಮನೆಗೆ ಹೋದೆ. ಎಮ್ಮೆಗೆ ಮೇವು ಹಾಕುವ ಗೋದಲಿಯ ಅಂಚಿಗೆ ಒಂದು ಬುಟ್ಟಿಯ ತುಂಬ ತವುಡು ಇತ್ತು. ಅವ್ವ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತುಟಿಯ ಮೇಲೆಲ್ಲ ಪುಡಿ. ಸೆರಗಿನ ತುದಿಯಲ್ಲಿ ಬೆಲ್ಲದ ಹೆಂಟೆ ಕಟ್ಟಿಕೊಂಡಿದ್ದಳು. ಎಮ್ಮೆ ಕತ್ತು ಚಾಚಿ ಅವಳ ಭುಜವನ್ನು ಮೂಸುತ್ತಿತ್ತು. ನನ್ನನ್ನು ಕಂಡು ಅವ್ವ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ಮುರಿದಳು. ಆಮೇಲೆ ಒಂದು ತುತ್ತು ಹಿಸುಕಿ ನನ್ನ ಕಡೆಗೆ ಚಾಚಿದಳು.

"ತಿನ್ನು. ಯಾರ ಮುಂದೂ ಹೇಳಬ್ಯಾಡ."

"ಇದು ಎಮ್ಮಿದಲ್ಲಬೇ?"

"ಎಮ್ಮಿ ಏನೂ ಅನ್ನಂಗಿಲ್ಲ. ನನಗ ಇದ ಬೇಕನಸ್ತೈತಿ, ಯಾಕೋ ಗೊತ್ತಿಲ್ಲ."

ಅದು ಒಳಕಲ್ಲಿನ ಬಳಿ ತಿಂದ ರುಚಿಯೇ. ಸ್ವಲ್ಪ ಕಮಟು ಇತ್ತು. ಅಂದಿನಿಂದ ಆಯಿ ಹೊರಗೆ ಹೋದಾಗಲೆಲ್ಲ ನಾನು ಹಿತ್ತಲ ಬಾಗಿಲಲ್ಲಿ ಕಾವಲು ಕೂತೆ. ಹನ್ನೆರಡು ದಿನವೋ ಹದಿನೈದು ದಿನವೋ, ಅಷ್ಟೇ. ಆ ದಿನಗಳಲ್ಲಿ ಅವ್ವನ ಕಾಲಿಗೆ ಬೆರಳೊತ್ತಿದರೆ ಕುಳಿ ಬೇಗ ತುಂಬಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಒಳಗಿನಿಂದ ಕೂಸು ಅತ್ತಿತು. ಗೊರಗೊರ ಅಲ್ಲ, ನಿಜವಾದ ಅಳು. ದನದ ಮನೆಯಲ್ಲಿದ್ದ ದ್ಯಾಮವ್ವ ಸಗಣಿಯ ಕೈಯಲ್ಲೇ ನಿಂತು ಕೇಳಿಸಿಕೊಂಡು, ದನಿ ಬಂತು ನೋಡು ಎಂದು ನನಗೆ ಹೇಳಿದಳು.

ಆಮೇಲೆ ಎಮ್ಮೆಯ ಹಾಲು ಕಡಿಮೆಯಾಯಿತು. ಆಯಿಯ ಕಣ್ಣಿಗೆ ಬೀಳದಿರುತ್ತದೆಯೇ. ಚೀಲ ಎತ್ತಿ ನೋಡಿದಳು, ತವುಡು ಇಷ್ಟು ಬೇಗ ತಳ ಕಂಡದ್ದು ಹೇಗೆ ಎಂದಳು. ಸಂಶಯ ಹೋದದ್ದು ದ್ಯಾಮವ್ವನ ಮೇಲೆ. ಅಂಗಳದಲ್ಲಿ ನಿಲ್ಲಿಸಿ, ಅಪ್ಪನ ಮುಂದೆ, ಆಚೀಚೆ ಮನೆಯವರು ಬಾಗಿಲಿಗೆ ಬಂದು ನೋಡುವಾಗ ಕೇಳಿದಳು.

"ಎಷ್ಟು ದಿನದಿಂದ ಒಯ್ಯಾಕತ್ತೀ? ನಿನ್ನ ಮನ್ಯಾಗ ಕಟ್ಟಿದ ಆಡಿಗೆ ಹಾಕ್ತೀ, ಹೌದಲ್ಲ?"

ದ್ಯಾಮವ್ವ ನೆಲ ನೋಡುತ್ತ ನಿಂತಿದ್ದಳು. ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ನಾಳೆಯಿಂದ ಬರಬೇಡ ಎಂದು ಅಪ್ಪ ಹೇಳಿದ. ಆಗ ನಾನು ಮಾತಾಡಿದೆ. ನಿಜ ಹೇಳಬೇಕೆಂದು ನನಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ನಾನು ನಿಜವನ್ನೇ ಹೇಳಿದೆ.

"ದ್ಯಾಮವ್ವ ಅಲ್ಲ ಆಯಿ. ಅವ್ವ ತಿಂದಾಳ."

ಎದುರು ಮನೆಯ ಬಾಗಿಲಲ್ಲಿ ಯಾರೋ ನಕ್ಕರು. ಆ ನಗು ಆಯಿಯ ಮುಖಕ್ಕೆ ಹೊಡೆದದ್ದು ನನಗೆ ಕಂಡಿತು. ಅವಳು ಒಳಗೆ ಹೋಗಿ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತಳು. ದನಿ ಏರಿಸಲಿಲ್ಲ.

"ಏನವಾ ನೀಲವ್ವ, ಈ ಮನ್ಯಾಗ ನಿನಗ ಅನ್ನ ಕಡಿಮಿ ಆಗೇತೇನು? ದನದ ಗೋದಲಿಗೆ ಬಾಯಿ ಹಾಕೂವಂಥಾದ್ದು ನಾ ಏನ್ ಕಡಿಮಿ ಮಾಡೀನಿ ಹೇಳು."

"ಇಲ್ರಿ ಅತ್ತಿ," ಎಂದಳು ಅವ್ವ. "ತಪ್ಪಾತು."

ಅವಳು ಅಷ್ಟೇ ಹೇಳಿದಳು. ಕೂಸಿಗೆ ದನಿ ಬಂದದ್ದನ್ನು ಹೇಳಲಿಲ್ಲ. ಹೇಳಿದ್ದರೂ ಕೇಳುವವರಿರಲಿಲ್ಲ. ಅಪ್ಪ ಸರ್ಕಾರಿ ಉರ್ದು ಕಾಗದವೊಂದನ್ನು ಹಿಡಿದು ಓದುತ್ತ ಕೂತಿದ್ದ, ಆ ಕಾಗದವನ್ನು ಅವನು ಬೆಳಿಗ್ಗೆಯೇ ಓದಿ ಮುಗಿಸಿದ್ದ. ಅಂದೇ ದನದ ಮನೆಗೆ ಹೋಗುವ ಒಳಬಾಗಿಲಿಗೆ ಚಿಲಕ ಬಿತ್ತು. ಮಧ್ಯಾಹ್ನದ ಹೊತ್ತು ಆಯಿ ಎಲ್ಲಿಗೂ ಹೋಗದೆ ಆ ಬಾಗಿಲಿಗೇ ಒರಗಿ ಹತ್ತಿ ಹಿಂಜುತ್ತ ಕೂತಳು. ಅವ್ವನ ತಟ್ಟೆಗೆ ಬೆಳ್ಳನ್ನ ಒಂದು ಹಿಡಿ ಹೆಚ್ಚಿಗೆ ಬಿತ್ತು, ತುಪ್ಪವೂ ಹೆಚ್ಚಿತು.

ನನಗೆ ಯಾರೂ ಬೈಯಲಿಲ್ಲ. ನಿಜ ಹೇಳಿದ್ದಕ್ಕೆ ಆಯಿ ಒಂದು ಉತ್ತತ್ತಿ ಕೊಟ್ಟಳು. ನಾನು ತಿಂದೆ.

ಹತ್ತು ದಿನದಲ್ಲಿ ಕೂಸಿನ ದನಿ ಮತ್ತೆ ಹೋಯಿತು. ಮೈ ಬಾತು ಇನ್ನೂ ದಪ್ಪಗೆ ಕಾಣುತ್ತಿದ್ದ, ನೋಡಿದವರು ಎಷ್ಟು ತುಂಬಿಕೊಂಡಿದ್ದಾನೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ, ಎಳೆಬಿಸಿಲು ಕೋಣೆಯೊಳಗೆ ಬಂದಿದ್ದ ಹೊತ್ತು, ಬಾಯಿ ಅಗಲಿಸಿ ಅಳತೊಡಗಿದ. ತುಟಿ ನೀಲಿಗಟ್ಟಿತ್ತು. ಅವ್ವ ಎದೆಗೆ ಹಚ್ಚಿಕೊಂಡಳು, ಅವನು ಹಿಡಿಯಲಿಲ್ಲ. ಆಯಿ ಬಜೆ ತೇಯಲು ಓಡಿದಳು. ನಾನು ತೊಟ್ಟಿಲ ಹಗ್ಗ ಹಿಡಿದು ನಿಂತು ನೋಡುತ್ತಿದ್ದೆ. ಅಷ್ಟು ಜೋರಾಗಿ ಯಾರೂ ಅಳುವುದನ್ನು ನಾನು ಕಂಡಿರಲಿಲ್ಲ, ಮತ್ತು ಏನೂ ಕೇಳಿಸುತ್ತಿರಲಿಲ್ಲ. ಆಯಿ ಬಜೆಯ ಬಟ್ಟಲು ಹಿಡಿದು ಬರುವಷ್ಟರಲ್ಲಿ ಕೂಸಿನ ಉಸಿರು ನಿಂತಿತ್ತು, ಬಾಯಿ ಹಾಗೆಯೇ ತೆರೆದಿತ್ತು.

ಒಂದು ವಾರದ ಮೇಲೆ ದ್ಯಾಮವ್ವ ಹಿತ್ತಲಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ನಾನು ಹೋಗಿ ಹತ್ತಿರ ನಿಂತೆ. ಅವಳನ್ನು ಕೆಲಸದಿಂದ ತೆಗೆಯಲಿಲ್ಲವಲ್ಲ, ಅದಕ್ಕೆ ಅವಳು ಏನಾದರೂ ಒಳ್ಳೆಯ ಮಾತು ಹೇಳಬಹುದು ಎಂದು ನಾನು ಕಾಯುತ್ತಿದ್ದೆನೋ ಏನೋ. ಅವಳು ತಲೆಯೆತ್ತಲಿಲ್ಲ.

"ಯಾಕ ಹೇಳಿದಿ ತಂಗಿ? ಬುಟ್ಟಿ ತುಂಬಿ ಇಡಾಕಿ ನಾನ ಇದ್ದೆ. ನಾ ಕಳ್ಳಿ ಅನ್ನಿಸಿಕೊಂಡು ಹೋಗತಿದ್ದೆ. ನನ್ನ ಹಿಂದ ಕೆಲಸಕ್ಕ ಬರಾಕಿನೂ ಬುಟ್ಟಿ ಇಡತಿದ್ಲು, ಹೇಳಿ ಹೋಗತಿದ್ದೆ ಆಕೀಗೆ."

ಇಷ್ಟು ಹೇಳಿ ಇನ್ನೊಂದು ಕುಳ್ಳು ತಟ್ಟಿದಳು. ಆ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮುಂದೆ ನಾನು ಓದಲು ಹೈದರಾಬಾದಿಗೆ ಹೋದೆ. ಒಂದು ದಿನ ತರಗತಿಯಲ್ಲಿ ಆಹಾರದ ಕೊರತೆಯಿಂದ ಬರುವ ಕಾಯಿಲೆಗಳ ಪಾಠ ನಡೆದಿತ್ತು. ಬರಿಯ ಗಿರಣಿ ಅಕ್ಕಿ ತಿನ್ನುವ ತಾಯಿಯ ಹಾಲು ಕುಡಿದ ಕೂಸು ಎರಡು ಮೂರು ತಿಂಗಳಿಗೆ ಹೇಗೆ ಸಾಯುತ್ತದೆ ಎಂದು ಅಧ್ಯಾಪಕಿ ಹೇಳಿದರು. ದಪ್ಪಗೆ ಕಾಣುತ್ತದೆ. ದನಿ ಹೋಗುತ್ತದೆ. ಬಾಯಿ ತೆರೆದು ಅಳುತ್ತದೆ, ಶಬ್ದ ಬರುವುದಿಲ್ಲ. ಅಕ್ಕಿಯನ್ನು ನುಣ್ಣಗೆ ಮಾಡುವಾಗ ತೆಗೆದುಹಾಕಿದ ಪದರಿನಲ್ಲಿ, ಅಂದರೆ ತವುಡಿನಲ್ಲಿ, ಇದನ್ನು ತಡೆಯುವ ಜೀವಸತ್ವ ಇರುತ್ತದೆ. ನಾನು ಅದನ್ನು ಅಕ್ಷರ ತಪ್ಪದೆ ಬರೆದುಕೊಂಡೆ. ನನ್ನ ತಮ್ಮಂದಿರನ್ನು ಯಾವ ವೈದ್ಯರೂ ನೋಡಿರಲಿಲ್ಲ, ಆದ್ದರಿಂದ ಇದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ದಿನದಿಂದ ನನಗೆ ಅನುಮಾನವಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೊನೆಯವರೆಗೆ ಕೇಳಿ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

"ಇದನ್ನ ಕಲಿಯಾಕ ಅಷ್ಟು ದೂರ ಹೋಗಿದ್ದೇನವಾ ನೀನು?"

ನಾನೂ ಮೊರದ ಇನ್ನೊಂದು ಬದಿಗೆ ಕೂತು ಕಲ್ಲು ಹೆಕ್ಕತೊಡಗಿದೆ.

ಈಗ ಪತ್ರಿಕೆಯ ಆ ಪುಟದಲ್ಲಿ ತವುಡಿನ ಗುಣವನ್ನೂ ಬರೆಯುತ್ತಾರೆ. ಬೆಲ್ಲ ಬೆರೆಸಿ ಉಂಡೆ ಕಟ್ಟಿ ಗರ್ಭಿಣಿಯರಿಗೆ ಕೊಡಿ, ನಮ್ಮ ಹಿರಿಯರು ಎಂಥ ಜಾಣರು ಎಂದು ಒಬ್ಬಾಕೆ ಬರೆದಿದ್ದರು. ನಾನು ಪುಟ ಮಗುಚಿ ಇಟ್ಟೆ. ಒಳಕಲ್ಲನ್ನು ಕಿತ್ತು ಬಚ್ಚಲ ಮೆಟ್ಟಿಲು ಮಾಡಿದ್ದಾರೆ. ಊರಿನಲ್ಲಿ ಯಾವ ಹುಡುಗಿಗೂ ಆ ತುತ್ತಿನ ರುಚಿ ಗೊತ್ತಿಲ್ಲ.

ನಮ್ಮ ಆ ಎಮ್ಮೆ ನಾನು ಕಾಲೇಜಿಗೆ ಹೋಗುವವರೆಗೂ ಬದುಕಿತ್ತು. ದಿನಕ್ಕೆರಡು ಬಾರಿ ಗಂಜಿಯಲ್ಲಿ ಕಲಸಿದ ತವುಡು ಅದಕ್ಕೆ ತಪ್ಪಲಿಲ್ಲ. ಐದು ಕರು ಹಾಕಿತು, ಐದೂ ಉಳಿದವು. ಹಸಿವಾದಾಗ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದವು.