ಹಾಸಿನ ಮೇಲೆ ಕೂತ ಜೀರ್ಜಿಂಬೆ

“ಆ ದೊರೆ ಹುಡುಗನಿಗೆ ಮೀಸೆ ಕೂಡ ನೆಟ್ಟಗೆ ಬಂದಿರ್ಲಿಲ್ಲ, ಕೇಳೊ ಮೈಲ್‌ಸಾಮಿ. ಹಡಗು ಹತ್ತಿದ್ದೇ ವಾಂತಿ. ತಿಂಗಳುಗಟ್ಟಲೆ ವಾಂತಿ. ಆದ್ರೂ ಬಿಟ್ಟನಾ? ನೀರಿಗೆ ಬಲೆ ಬಿಟ್ಟ, ಹುಳ ಹಿಡಿದ, ಬರೆದ. ದಡಕ್ಕಿಳಿದ, ಕಲ್ಲು ತಿರುಗಿಸಿದ, ಬರೆದ. ಒಂದು ಏಡಿ ಬಿಲದಿಂದ ಆಚೆ ಬರ್ಲಿ ಅಂತ ಹಗಲು ಪೂರಾ ಕಾದು ಕೂತ. ನೀನಾಗಿದ್ರೆ? ಬೀಡಿ ಸೇದೋಕೆ ಎದ್ದು ಹೋಗ್ತಿದ್ದೆ! ಅದಕ್ಕೆ ತಾನೆ ನಾವು ಹೀಗಿದೀವಿ.”

ಎದುರು ಮನೆಯ ಮೈಲ್‌ಸಾಮಿಗೆ ಹೀಗೆ ಹೇಳುತ್ತಿದ್ದ ಚೆನ್ನಕೇಶವನ್ ಕಡಲನ್ನು ಕಂಡವನಲ್ಲ. ಅವನ ಅತಿ ದೂರದ ಯಾತ್ರೆಯೆಂದರೆ ಹತ್ತಿರದ ಕಾರಮಡೈ ತೇರು. ಅಲ್ಲಿಗೂ ತಲೆಸುತ್ತು ಬಂದು ಗಾಡಿಯಲ್ಲಿ ಮಲಗಿಯೇ ಹೋಗಿದ್ದ. ಪೈಕಾರಾ ಹೊಳೆಯ ಕರೆಂಟು ಬಂದು ಎಲ್ಲೆಲ್ಲೂ ಮಿಲ್ಲುಗಳು ಏಳುತ್ತಿದ್ದ ಕಾಲದಲ್ಲಿ, ಹಳೇ ಕಾಗದದ ಅಂಗಡಿಯಲ್ಲಿ ಅವನಿಗೆ ರಟ್ಟಿಲ್ಲದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹುಳಹುಪ್ಪಟೆ ಹುಡುಕಿಕೊಂಡು ಕಡಲು ಸುತ್ತಿದ ಬಿಳಿಯ ಹುಡುಗನ ದಿನಚರಿ. ಮಿಷನ್ ಶಾಲೆಯ ನಾಲ್ಕಕ್ಷರದೊಂದಿಗೆ ಅದು ಸೇರಿ ಒಳ್ಳೆಯ ನೇಕಾರನೊಬ್ಬನನ್ನು ಕೆಡಿಸಿತು. ಅರ್ಥವಾಗದ ಪುಟ ಬಂದರೆ ಅವನ ಧ್ವನಿ ಇನ್ನೂ ಜೋರಾಗುತ್ತಿತ್ತು.

ಹೆಂಡತಿ ರಾಜಾಮಣಿಗೆ ಹಡಗಿನ ಮೇಲೆ ಸಿಟ್ಟಿರಲಿಲ್ಲ, ಹಾಸಿನ ಚಿಂತೆಯಿತ್ತು. ಮಗ್ಗಕ್ಕೇರುವ ಹಾಸುನೂಲಿಗೆ ಗಂಜಿ ಹಾಕುವುದು ಒಂದು ಮನೆಯ ಕೈಗೆ ಮುಗಿಯುವ ಕೆಲಸವಲ್ಲ. ಬೆಳಗ್ಗೆ ಬೀದಿಯುದ್ದ ನೂಲು ಬಿಗಿದು, ಅಕ್ಕಪಕ್ಕದವರೆಲ್ಲ ಕೂಡಿ, ಬಿಸಿಲೇರುವ ಮೊದಲು ಕುಂಚದಿಂದ ತೀಡಬೇಕು. ತೀಡದೆ ಒಣಗಿದರೆ ಎಳೆಗೆಳೆ ಅಂಟಿ ಹಾಸು ಹಗ್ಗವಾಗುತ್ತದೆ. ಬಂದವರ ಬೆಳಗು ಹಾಳುಮಾಡಿದ ಮನೆಗೆ ಮತ್ತೆ ಯಾರೂ ಬರುವುದಿಲ್ಲ. ಜನ ಬರದಿದ್ದರೆ ಮಗ್ಗ ನಿಂತಂತೆ.

ಆ ದಿನ ಎಂಟು ಜನ ಬಂದಿದ್ದರು. ಗಂಜಿ ಬಳಿದಾಗಿತ್ತು. ಅಷ್ಟರಲ್ಲಿ ಹಸಿರು ಮಿಂಚುವ ಜೀರ್ಜಿಂಬೆಯೊಂದು ಹಾಸಿನ ನಡುವೆ ಬಂದು ಕೂತಿತು.

“ಯಾರೂ ಕುಂಚ ಇಡಬೇಡಿ!” ಚೆನ್ನಕೇಶವನ್ ಕೈಚಾಚಿ ನಿಂತ. “ಯಾವ ಕಾಲು ಮೊದಲು ಎತ್ತುತ್ತೆ ನೋಡಿ ಬರೀಬೇಕು.”

“ಅದಕ್ಕೆ ಆರು ಕಾಲು ಅಣ್ಣಾ,” ಅಂದ ಮೈಲ್‌ಸಾಮಿ. “ಬಿಸಿಲು ಅಷ್ಟೊತ್ತು ಕಾಯಲ್ಲ.”

“ಐದೇ ನಿಮಿಷ!”

ಆ ಐದು ನಿಮಿಷದಲ್ಲಿ ಸೂರ್ಯ ತೆಂಗಿನಮರ ದಾಟಿದ. ಪಕ್ಕದ ಮನೆಯ ಕಣ್ಣಮ್ಮ ಕುಂಚ ಕೆಳಗಿಟ್ಟಳು. “ರಾಜಾಮಣಿ, ನಾನು ಹೊರಡ್ಲಾ ತಾಯಿ? ನಮ್ಮನೆ ಹುಳಗಳೂ ನೋಡೋರಿಲ್ಲದೆ ಕಾಯ್ತಿದಾವೆ.”

ರಾಜಾಮಣಿಯ ಮುಖ ಕೆಂಪಾಯಿತು. ನೇರ ಬಂದವಳೇ ಜೀರ್ಜಿಂಬೆಯನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ರುಮಾಲಿನ ಮೇಲೆ ಬಿಟ್ಟಳು.

“ಇನ್ನು ನೀವೇ ಹಡಗು, ಅದೇ ದೊರೆ. ಅಲ್ಲಾಡದೆ ಆ ಕಂಬದ ಹತ್ರ ನಿಂತ್ಕೊಳ್ಳಿ.”

ತನ್ನ ತಲೆಯ ಮೇಲಿನದನ್ನು ನೋಡಲೂ ಆಗದೆ, ಬಿಡಲೂ ಆಗದೆ ಅವನು ನಿಂತ. ನಕ್ಕು ನಕ್ಕು ಎಂಟು ಜನರೂ ಕುಂಚ ಹಿಡಿದರು, ಕಣ್ಣಮ್ಮನೂ. ಒಂದು ಮೊಳ ಅಂಟಿಹೋಗಿತ್ತು, ಉಳಿದದ್ದು ಉಳಿಯಿತು.

ಹೊರಡುವಾಗ ಕಣ್ಣಮ್ಮ ಅಂದಳು: “ಶುಕ್ರವಾರ ನಮ್ಮ ಹಾಸು. ಬಾ. ಹಡಗನ್ನ ಮನೇಲೇ ಕಟ್ಟಿಟ್ಟು ಬಾ.”

“ಬರ್ತೀನಕ್ಕ,” ಅನ್ನುತ್ತಾ ರಾಜಾಮಣಿ ಗಂಜಿಯ ಪಾತ್ರೆ ಎಳೆದುಕೊಂಡು, ತೆಂಗಿನ ನಾರಿನಿಂದ ತಿಕ್ಕತೊಡಗಿದಳು.