ಶಿಂಷಾ ಮೆಲೋಡೀಸ್‌ನ ಶೈಲಜಾ

ಶಿಂಷಾ ಮೆಲೋಡೀಸ್‌ನ ಕುಮಾರಿ ಶೈಲಜಾಗೆ ಈಗ ಅರವತ್ತರ ಹತ್ತಿರ ವಯಸ್ಸು, ಪೊದೆ ಮೀಸೆ, ಊರು ಆತಗೂರು, ಹೆಸರು ಮರಿಸಿದ್ದಯ್ಯ. ನಗಬೇಡಿ. ಕ್ಯಾಸೆಟ್ಟಿನ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಗಣಪತಿ ಕೂರಿಸಿದಲ್ಲೆಲ್ಲ ಈ ವಾದ್ಯಗೋಷ್ಠಿಯೇ ಆಗಬೇಕಿತ್ತು. ಆದರೆ ಊರೂರು ಸುತ್ತುವ ಗಂಡಸರ ಗುಂಪಿನ ಜೊತೆ ಹಾಡೋಕೆ ಮಗಳನ್ನು ಕಳಿಸುವ ಧೈರ್ಯ ಯಾವ ಮನೆಯವರಿಗಿತ್ತು, ಹೇಳಿ? ಹಾಗಾಗಿ ಹೆಣ್ಣಿನ ಪಾಲಿನದನ್ನೆಲ್ಲ ಮರಿಸಿದ್ದಯ್ಯನೇ ಹಾಡುತ್ತಿದ್ದ. ಪರದೆ ಮರೆಯಲ್ಲಿ ನಿಂತು ಬಾಯಿ ಬಿಟ್ಟನೆಂದರೆ ಹದಿನೆಂಟರ ಹುಡುಗಿಯೇ ಸೈ. ಕ್ಯಾಸೆಟ್ ಮೇಲೂ ‘ಗಾಯಕಿ: ಕುಮಾರಿ ಶೈಲಜಾ’ ಅಂತಲೇ ಅಚ್ಚಾಯಿತು. ಮಳವಳ್ಳಿ ಕಡೆಯವರೊಬ್ಬರು ಆ ಶೈಲಜಾಳ ಜಾತಕ ಕೇಳಿಕೊಂಡು ಬಂದೇಬಿಟ್ಟಿದ್ದರು!

ಕ್ಯಾಸೆಟ್ ಹೋಯಿತು, ಗುಂಪೂ ಚದುರಿತು. ಮರಿಸಿದ್ದಯ್ಯ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿಗೆ ಸೇರಿಕೊಂಡ. ಹೊಸ ತಳಿಯ ಭತ್ತ ಹಾಲು ತುಂಬುವಾಗ ಹಕ್ಕಿ ಕಾಯುವುದು ಅವನ ಪಾಲಿಗೆ ಬಂತು. ತಗಡು ಬಡಿ ಮಾರಾಯ ಅಂತ ಎಲ್ಲರೂ ಹೇಳಿದರು. ಕೇಳುವ ಆಸಾಮಿಯೇ? “ನನ್ ಗಂಟ್ಲಿರುವಾಗ ತಗಡ್ಯಾಕೆ?” ಅಂತ ವರ್ಷಗಟ್ಟಲೆ ಬದು ಮೇಲೆ ನಿಂತು ಹೋ ಅಂತ ಕೂಗಿದ. ಕೂಗಿ ಕೂಗಿ, ದೇವರು ಕೊಟ್ಟ ಕಂಠವನ್ನು ಗುಬ್ಬಚ್ಚಿ ಗಿಳಿಗಳಿಗೆ ದಾನ ಮಾಡಿಬಿಟ್ಟ, ಪುಣ್ಯಾತ್ಮ. ಕೊನೆಕೊನೆಗೆ ಮಾತಾಡಿದರೂ ಮರಕ್ಕೆ ಗರಗಸ ಹಾಕಿದ ಹಾಗೆ ಕೇಳುತ್ತಿತ್ತು.

ಇಂಥ ಹೊತ್ತಿನಲ್ಲಿ ಹಳೇ ಗುಂಪಿನ ಡೋಲಕ್ ನಾಗರಾಜು ಬೈಕಿನಲ್ಲಿ ಬಂದಿಳಿದ.

“ಲೇ ಸಿದ್ದ, ಸಂಪತ್ ಮೇಷ್ಟ್ರು ಹೊಸ ಆಲ್ಬಮ್ ಮಾಡ್ತಾವ್ರೆ ಕಣ್ಲಾ. ನಮ್ ಹಳೇ ಗುಂಪೇ ಬೇಕಂತೆ, ಹೊರಗ್ನೋರು ಒಬ್ರೂ ಬ್ಯಾಡ್ವಂತೆ. ಎದ್ದೇಳು.”

“ನನ್ ಗಂಟ್ಲು ಕೆಟ್ಟೋಗದೆ ಕಣ್ಲಾ. ಸುಮ್ಕೆ ಯಾಕೆ ಮಾನ ಕಳೀತೀಯ, ಬುಡು.”

ಬಾಯಲ್ಲಿ ಹಾಗಂದರೂ ಅವತ್ತು ಅವನಿಗೆ ಉಂಡದ್ದು ರುಚಿಸಲಿಲ್ಲ. ಆಸೆ ಅನ್ನುವುದು ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ಫಾರಂನಲ್ಲಿ ಅವನು ನೂರಾರು ಕೂಲಿಯವರಲ್ಲಿ ಒಬ್ಬ. ಆ ಪರದೆಯ ಹಿಂದೆ ಮಾತ್ರ, ಹೆಸರಿಲ್ಲದಿದ್ದರೂ, ಜನ ಉಸಿರು ಹಿಡಿದು ಕೇಳುವಂಥವನಾಗಿದ್ದ. ಸಾಯುವುದರೊಳಗೆ ಒಂದು ಸಲ ಅದು ಮತ್ತೆ ಬೇಕಿತ್ತು ಅವನಿಗೆ. ಹೆಂಡತಿ ಹೊಂಬಾಳಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ? ಮೆಣಸಿನ ಕಷಾಯದ ಲೋಟ ಮುಂದಿಟ್ಟು, “ಕುಡುದು ಓಗು. ಬಂದ್ರೆ ಬತ್ತದೆ, ಇಲ್ದಿದ್ರೆ ಇಲ್ಲ. ಮೂತಿ ಊದುಸ್ಕಂಡು ಮನೇಲಿ ಕುಂತ್ರೆ ನಾನ್ ನೋಡಕ್ಕಾಗಕಿಲ್ಲ” ಅಂದಳು.

ಆಗ ಗುಂಪು ನಡೆಸುತ್ತಿದ್ದ ಸಂಪತ್ ಕುಮಾರ ಮೇಷ್ಟ್ರ ಮಗ ವಂಶಿ ಮಂಡ್ಯದಲ್ಲಿ ಒಂದು ಪುಟ್ಟ ಸ್ಟುಡಿಯೋ ಇಟ್ಟಿದ್ದ. ಮೇಷ್ಟ್ರು ಕೀಬೋರ್ಡ್ ಮುಂದೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಗತ್ತು ಹಾಗೇ ಇತ್ತು. ಇವರದ್ದೊಂದು ಹಟ ಎಲ್ಲರಿಗೂ ಗೊತ್ತು: ಶ್ರುತಿ ಇಳಿಸಿದರೆ ಮರ್ಯಾದೆ ಇಳಿದ ಹಾಗೆ. ಜ್ವರ ಬಂದವನ ಕೈಲೂ ಅದೇ ಎತ್ತರದ ಶ್ರುತಿಯಲ್ಲಿ ಹಾಡಿಸಿದವರು. ಈಗಿನ ಹೊಸ ಹಾಡನ್ನೂ ಅಲ್ಲೇ ಕೂರಿಸಿದ್ದರು.

“ಏರಿ ಮೇಲೆ ನಿಂತಿವ್ನಿ, ನೀ ಬರೋ ದಾರಿ ನೋಡ್ತಿವ್ನಿ” ಅಂತ ಹೆಣ್ಣು ಹಾಡುವ ಸಾಲು. ಮರಿಸಿದ್ದಯ್ಯ ಕಣ್ಣು ಮುಚ್ಚಿ ಎತ್ತಿದ. ‘ಏರಿ’ ಅನ್ನುವಷ್ಟರಲ್ಲೇ ದನಿ ಒಡೆಯಿತು. ಮತ್ತೆ ಎತ್ತಿದ, ಕೆಮ್ಮು ಬಂತು. ಇನ್ನೊಮ್ಮೆ ಎತ್ತಿದಾಗ ದನಿಯೇ ಬರಲಿಲ್ಲ, ಬರೀ ಗಾಳಿ. ನಾಗರಾಜು ಡೋಲಕ್ಕಿನ ಹಗ್ಗ ಬಿಗಿ ಮಾಡುವವನಂತೆ ತಲೆ ತಗ್ಗಿಸಿದ.

“ಸಿದ್ದಯ್ಯನವರೇ, ಬೇಜಾರ್ ಮಾಡ್ಕೋಬೇಡಿ” ಅಂದ ವಂಶಿ, ಒಳ್ಳೆಯ ಹುಡುಗ ಪಾಪ. “ಚಿತ್ರಾ ಚೆನ್ನಾಗಿ ಹಾಡ್ತಾಳೆ. ಈ ಭಾಗ ಅವಳು ಹಾಡ್ಲಿ, ಆಗ್ಬೋದಾ?” ಚಿತ್ರಾ ಅವನ ಹೆಂಡತಿ.

“ಸೊಸೆಮ್ಮನೇ ಆಡ್ಲಿ ಮೇಷ್ಟ್ರೇ. ನಂದು ಮುಗೀತು” ಅಂತ ಮರಿಸಿದ್ದಯ್ಯ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದ. ಅಳು ಬರುವುದರೊಳಗೆ ಬಾಗಿಲು ದಾಟಿಬಿಡಬೇಕು ಅಂತ ಚಪ್ಪಲಿಗೆ ಕಾಲು ತೂರಿಸಿದ.

“ಕೂತ್ಕೊಳೋ ಸಿದ್ದ!” ಮೇಷ್ಟ್ರು ಗದರಿದರು. ಆಮೇಲೆ ದನಿ ಮೆತ್ತಗಾಯಿತು. “ನಮಗೆಲ್ಲ ವಯಸ್ಸಾಯ್ತಲ್ಲ, ಶೈಲಜಾಗೆ ಮಾತ್ರ ಆಗ್ಲಿಲ್ವೇನೋ? ಅವಳೇನು ಇನ್ನೂ ಹದಿನೆಂಟರಲ್ಲೇ ನಿಂತಿದಾಳಾ? ನಮ್ಮ ಜೊತೇಲೇ ಮುದುಕಿ ಆಗಿದಾಳೆ. ಅವಳ ಈಗಿನ ದನೀಲಿ ಹಾಡು.”

ಅಂದವರೇ ಶ್ರುತಿ ಇಳಿಸಿದರು. ನಾಗರಾಜು ಬಾಯಿ ತೆರೆದವನು ತೆರೆದ ಹಾಗೇ ಕೂತ. ಮೇಷ್ಟ್ರು ಇನ್ನೂ ಇಳಿಸಿದರು. ಮರಿಸಿದ್ದಯ್ಯ ಅನುಮಾನದಿಂದಲೇ ಬಾಯಿ ಬಿಟ್ಟ.

ಬಂದದ್ದು ಹುಡುಗಿಯ ದನಿಯಲ್ಲ. ಸ್ವಲ್ಪ ಒರಟಾದ, ಬೆಚ್ಚಗಿನ, ಅವಸರವೇ ಇಲ್ಲದ ಹೆಂಗಸಿನ ದನಿ. ಹಾಡುತ್ತಿದ್ದವನಿಗೇ ಗುರುತು ಹತ್ತಿತು. ಇದು ಅವನ ತಾಯಿ ಸಣ್ಣತಾಯಮ್ಮನ ದನಿ! ಮದುವೆ ಮನೆಯಲ್ಲಿ ಸೋಬಾನೆ ಹೇಳುವಾಗ ಆಕೆ ಸಾಲಿನ ಕೊನೆಯನ್ನು ಹೀಗೇ ಎಳೆಯುತ್ತಿದ್ದಳು, ಹೀಗೇ ಸಣ್ಣಗೆ ನಡುಗಿಸಿ ಬಿಡುತ್ತಿದ್ದಳು. ಆಕೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಕೆ ಹಾಡಿದ್ದನ್ನು ಯಾರೂ ಯಾವ ಮೆಷಿನ್ನಿನಲ್ಲೂ ಹಿಡಿದಿಟ್ಟಿರಲಿಲ್ಲ. ಇದ್ದದ್ದೊಂದು ಫೋಟೊ, ಅದರಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ.

ಹಾಡು ಮುಗಿಯಿತು. ಚಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸೂಪರ್ ಬಂದಿದೆ, ಇದೇ ಇರಲಿ” ಅಂದ ವಂಶಿ.

ಮರಿಸಿದ್ದಯ್ಯ ಮೈಕಿನ ಮುಂದಿನಿಂದ ಕದಲಲಿಲ್ಲ. ಕಣ್ಣೀರು ಮೀಸೆಯೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಇನ್ನೊಂದ್ ಕಿತ ಆಡ್ತೀನಿ ಮೇಷ್ಟ್ರೇ” ಅಂದ.

“ಯಾಕೋ? ಒಂದು ತಪ್ಪೂ ಇಲ್ವಲ್ಲೋ.”

“ತಪ್ಪಿಗಲ್ಲ ಸಾರ್. ನಮ್ಮವ್ವ ಈಗಿನ್ನೂ ಬಂದವ್ಳೆ. ಇನ್ನೊಂದ್ ಗಳಿಗೆ ಇರ್ಲಿ.”

ಮೇಷ್ಟ್ರು ನಾಗರಾಜುವಿಗೆ ಕಣ್ಣಲ್ಲೇ ಸನ್ನೆ ಮಾಡಿ, ಹಾಡನ್ನು ಮೊದಲಿಂದ ಎತ್ತಿಕೊಂಡರು.