ಚೌಕುಳಿ ಲಂಗದ ಹಕ್ಕು

ಆ ಮದುವೆಯಲ್ಲಿ ಮಂಗನಾದದ್ದು ನಾನೇ, ಕಾರಣ ಬರೀ ಹೊಟ್ಟೆಕಿಚ್ಚು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ನೆಂಟರ ಮದುವೆಗಳಲ್ಲಿ ಒಬ್ಬೊಬ್ಬರ ಸ್ವರ ತೆಗೆದು, ಥೇಟ್ ಅವರ ಹಾಗೆಯೇ ಮಾತಾಡಿ ನಗಿಸುವವನು ನಾನು. ಮೂಡುಬಿದಿರೆಯ ಮದುವೆಯಲ್ಲಿ ಮಾತ್ರ ನನ್ನ ಸುತ್ತ ಒಂದು ನೊಣವೂ ಇರಲಿಲ್ಲ. ಸ್ಕಾಟ್ಲೆಂಡಿನ ಹುಡುಗಿಯನ್ನು ಮದುವೆಯಾಗಿದ್ದ ನನ್ನ ದೊಡ್ಡಮ್ಮನ ಮಗ, ಅಲ್ಲಿನ ಗಂಡಸರು ಉಡುವ ಚೌಕುಳಿ ಲಂಗ ಉಟ್ಟು ಬಂದಿದ್ದ. ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಜನ ಸಾಲು ನಿಂತಿದ್ದರು. ಅಲ್ಲಿ ಕುಲಕ್ಕೊಂದು ಚೌಕುಳಿಯಂತೆ. ಇದು ಅವನ ಹೆಂಡತಿಯ ಕುಲದ್ದಂತೆ.

ನನಗೆ ಅಷ್ಟೇ ಸಾಕಾಯಿತು. ನಾವು ತುಳುವರು ಕುಲಕ್ಕೆ ‘ಬರಿ’ ಎನ್ನುತ್ತೇವೆ. ಅದು ಬರುವುದು ತಾಯಿಯಿಂದ, ಹೆಂಡತಿಯಿಂದಲ್ಲ. ಬರಿಯ ವಿಷಯದಲ್ಲಿ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು. ಹಾಗಾಗಿ ಅಜ್ಜಿಯ ಸ್ವರವನ್ನೇ ತೆಗೆದು, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟೆ: “ಹೆಂಡತಿಯ ಬರಿಯ ಬಟ್ಟೆ ಉಡ್ಲಿಕ್ಕೆ ನಿನಗೆ ಏನು ಹಕ್ಕು ಉಂಟು ಮಗಾ? ಬಿಚ್ಚಿಡು, ಪಂಚೆ ತರಿಸುವ.”

ಜನ ನಕ್ಕರು. ಸಾಲಿನಲ್ಲಿದ್ದವರೂ ನನ್ನ ಕಡೆ ತಿರುಗಿದರು.

“ಇದನ್ನು ಅತ್ತೆಯೇ ಕೊಟ್ಟದ್ದು ಮಾರಾಯ,” ಎಂದ ಅಣ್ಣ, ಮುಖ ಸಣ್ಣದು ಮಾಡಿ. “ನಾನು ಉಡಬಹುದಾ ಅಂತ ಅವರನ್ನು ಕೇಳಿಯೇ ಉಟ್ಟದ್ದು.”

“ಕೇಳಿದರೆ ಆಯಿತಾ?” ಎಂದೆ, ಅಜ್ಜಿಯ ಸ್ವರದಲ್ಲೇ.

ಆಗ ಹಿಂದಿನ ಕುರ್ಚಿಯಿಂದ ಅದೇ ಸ್ವರ ಕೇಳಿಸಿತು. ಈ ಸಲ ಅಜ್ಜಿಯದ್ದೇ.

“ಅವನು ಅತ್ತೆಯನ್ನಾದರೂ ಕೇಳಿದ್ದಾನೆ. ನನ್ನ ಸ್ವರ ನೀನು ಯಾರನ್ನು ಕೇಳಿ ತೆಗೆದದ್ದು?”